ಸಾವಯವ: ಚೀಟಿಯ ಮೇಲಿನ ಪದ

ಸಾವಯವ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಪೇಟೆಗಳಲ್ಲಿ ಕುಚ್ಚಲಕ್ಕಿ, ಬೆಲ್ಲ, ತೆಂಗಿನೆಣ್ಣೆಯ ಚೀಟಿಗಳ ಮೇಲೆ ಈಚೆಗೆ ಧಾರಾಳವಾಗಿ ಕಾಣುವ ಪದ.

ಮೂಲ ಸಂಸ್ಕೃತ: ಸ + ಅವಯವ, ಅಂದರೆ ಅಂಗಾಂಗಗಳಿಂದ ಕೂಡಿದ್ದು. ವೇದಾಂತಿಗಳಿಗೆ ಬ್ರಹ್ಮ ನಿರವಯವ, ಜಗತ್ತು ಸಾವಯವ. ಅಲ್ಲಿ ಗೊಬ್ಬರದ ಮಾತೇ ಇಲ್ಲ. ನ್ಯಾಯಶಾಸ್ತ್ರದಲ್ಲಿ ಅನುಮಾನವಾಕ್ಯದ ಐದು ಭಾಗಗಳೂ ಅವಯವಗಳೇ. ‘ಆರ್ಗ್ಯಾನಿಕ್’ಗೆ ಸಾಟಿ ಬೇಕಾದಾಗ ಈ ಹಳೆಯ ಪದಕ್ಕೆ ಹೊಸ ಕೆಲಸ ಸಿಕ್ಕಿತು. ಮರಾಠಿ, ತೆಲುಗು ‘ಸೇಂದ್ರಿಯ’ ಎಂದವು. ಹಿಂದಿ ‘ಜೈವಿಕ್’, ಮಲಯಾಳ ‘ಜೈವ’.

ತಮಾಷೆಯೆಂದರೆ, ರಸಾಯನಶಾಸ್ತ್ರದ ಪಠ್ಯದಲ್ಲಿ ಯೂರಿಯಾ ಸಾವಯವ ಸಂಯುಕ್ತ. ಸಾವಯವ ಗದ್ದೆಗೆ ಮಾತ್ರ ಅದು ನಿಷಿದ್ಧ! ಹಾಡಿಯ ಸೊಪ್ಪು, ಹಟ್ಟಿಗೊಬ್ಬರ, ಸುಡುಮಣ್ಣು ಹಾಕಿ ಬೆಳೆದ ಕರಾವಳಿಯ ಹಿರಿಯರಿಗೆ ಈ ಪದದ ಹಂಗೇ ಇರಲಿಲ್ಲ.

ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. ದೃಢೀಕರಣಕ್ಕೆ ದಾರಿ ಎರಡು. ರಫ್ತಿಗೆ ಬೇಕಾದದ್ದು 2001ರಿಂದಿರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ (ಎನ್‌ಪಿಒಪಿ). ಇನ್ನೊಂದು ಸಹಭಾಗಿತ್ವದ ಖಾತರಿ ವ್ಯವಸ್ಥೆ (ಪಿಜಿಎಸ್): ಕನಿಷ್ಠ ಐವರು ರೈತರ ಗುಂಪು ಪರಸ್ಪರರ ಗದ್ದೆ ನೋಡಿ ಖಾತರಿ ಕೊಡುತ್ತದೆ. ತುಂಡು ಹಿಡುವಳಿಯ ಈ ಕಡೆಗೆ ಇದೇ ಹೆಚ್ಚು ಒಗ್ಗುವಂಥದ್ದು.

ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವವರು ಪದವನ್ನಷ್ಟೇ ಓದದೆ, ದೃಢೀಕೃತ ಸಾವಯವ ಆಹಾರಕ್ಕಿರುವ ‘ಜೈವಿಕ್ ಭಾರತ್’ ಚಿಹ್ನೆ ಇದೆಯೇ ನೋಡಲಿ. ಸಣ್ಣ ಬೆಳೆಗಾರರು ಗ್ರಾಹಕರಿಗೆ ನೇರ ಮಾರುವಲ್ಲಿ ಅದು ಕಡ್ಡಾಯವಲ್ಲ.