ಕ್ರೀಡಾಸಂಘಗಳೂ ರಾಜಕಾರಣವೂ: ಮಿಸಿಸಿಪ್ಪಿಯ ದೃಷ್ಟಾಂತ

ವಿದ್ಯಾರ್ಥಿಗಳ ಆಟಗಳನ್ನು ನಡೆಯಿಸುವ ಸಂಘಗಳು ರಾಜಕೀಯ ವಿಷಯಗಳಲ್ಲಿ ತಮ್ಮ ಅಭಿಪ್ರಾಯವನ್ನು ಹೇಳಬಹುದೇ ಎಂಬ ಪ್ರಶ್ನೆಯು ಹಲವು ದೇಶಗಳಲ್ಲಿ ಚರ್ಚೆಗೆ ಬಂದಿರುವುದು. ಆಟದ ಬಯಲು ಎಲ್ಲ ಪಕ್ಷದವರಿಗೂ ಸಮಾನವಾದ ಸ್ಥಳ. ಅಲ್ಲಿ ರಾಜಕಾರಣವು ಕಾಲಿಟ್ಟರೆ ಸ್ನೇಹವು ಕೆಡುವುದೆಂದು ಕೆಲವರ ಮತ. ಅನ್ಯಾಯವನ್ನು ಕಂಡೂ ಸುಮ್ಮನಿರುವುದು ಅದಕ್ಕೆ ಸಮ್ಮತಿಯನ್ನಿತ್ತಂತೆಯೇ ಎಂಬುದು ಮತ್ತೆ ಕೆಲವರ ವಾದ. ಈ ಎರಡು ಪಕ್ಷಗಳ ಬಲಾಬಲಗಳನ್ನು ತೂಗಿ ನೋಡುವುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣಭಾಗದಲ್ಲಿರುವ ಮಿಸಿಸಿಪ್ಪಿಯ ಚರಿತ್ರೆಯು ತಕ್ಕ ಸಾಧನವಾಗಿದೆ.

ಆ ದೇಶದ ಕಾಲೇಜುಗಳ ಕ್ರೀಡೆಗಳಿಗೆ ಮುಖ್ಯವಾದ ಸಂಸ್ಥೆಯು ನ್ಯಾಷನಲ್ ಕಾಲೇಜಿಯೇಟ್ ಅಥ್ಲೆಟಿಕ್ ಅಸೋಸಿಯೇಷನ್ ಎಂಬುದು. ಇದು ಹುಟ್ಟಿದುದೇ ರಾಜ್ಯಾಧಿಕಾರದ ಪ್ರೇರಣೆಯಿಂದ. ಅಮೆರಿಕಾದ ಫುಟ್‌ಬಾಲ್ ಆಟದಲ್ಲಿ ತರುಣರು ಪ್ರಾಣ ಕಳೆದುಕೊಳ್ಳುತ್ತಿದ್ದುದನ್ನು ಕಂಡು 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿದ್ಯಾಪೀಠಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಯಿಸಿ, ಆಟವನ್ನು ತಿದ್ದಬೇಕೆಂದು ಹೇಳಿದರು. ಆ ಬಳಿಕ 1906ರಲ್ಲಿ ಸಂಘವು ಸ್ಥಾಪಿತವಾಗಿ, 1910ರಲ್ಲಿ ಈಗಿನ ಹೆಸರನ್ನು ಪಡೆಯಿತು.

ಮಿಸಿಸಿಪ್ಪಿಯಲ್ಲಿ ಆ ಶತಮಾನದ ನಡುಗಾಲದಲ್ಲಿ ಒಂದು ಅಲಿಖಿತ ಕಟ್ಟಳೆಯಿದ್ದಿತು. ಕಪ್ಪು ವರ್ಣದ ಆಟಗಾರರಿರುವ ತಂಡದೊಡನೆ ಆ ಸಂಸ್ಥಾನದ ಸರ್ಕಾರೀ ಕಾಲೇಜುಗಳ ತಂಡಗಳು ಆಡಕೂಡದೆಂಬುದೇ ಅದು. ಸ್ಟಾರ್ಕ್‌ವಿಲ್ ಊರಿನಲ್ಲಿರುವ ಮಿಸಿಸಿಪ್ಪಿ ಸ್ಟೇಟ್ ವಿದ್ಯಾಪೀಠದ ಬಾಸ್ಕೆಟ್‌ಬಾಲ್ ತಂಡವು 1959, 1961, 1962 ಈ ಮೂರು ವರ್ಷಗಳಲ್ಲಿಯೂ ಆಗ್ನೇಯ ಪ್ರಾಂತದ ಪಂದ್ಯಗಳಲ್ಲಿ ಅಗ್ರಸ್ಥಾನವನ್ನು ಪಡೆಯಿತು. ಆದರೆ ರಾಷ್ಟ್ರೀಯ ಪಂದ್ಯಾವಳಿಗೆ ಹೋಗುವ ಅರ್ಹತೆಯನ್ನು ಗಳಿಸಿಯೂ ಮೂರು ಸಲವೂ ಮನೆಯಲ್ಲಿಯೇ ಉಳಿಯಬೇಕಾಯಿತು. ಆಟವನ್ನು ರಾಜಕಾರಣದಿಂದ ದೂರವಿಡಬೇಕೆಂಬ ಮಾತು ಇಲ್ಲಿ ಅರ್ಥಹೀನವಾಗಿದ್ದಿತು. ಆಡದಿರುವುದೇ ಒಂದು ರಾಜಕೀಯ ಪಕ್ಷವನ್ನು ಹಿಡಿದಂತಾಗಿದ್ದಿತು. ಅದರ ನಷ್ಟವನ್ನು ಹೊತ್ತವರಾದರೋ ವಿದ್ಯಾರ್ಥಿಗಳು.

1963ರಲ್ಲಿ ತಂಡವು ಮತ್ತೆ ಗೆದ್ದಿತು. ಜೇಮ್ಸ್ ಮೆರಡಿತ್ ಎಂಬ ಕಪ್ಪು ವರ್ಣದ ವಿದ್ಯಾರ್ಥಿಯು ಮಿಸಿಸಿಪ್ಪಿ ವಿಶ್ವವಿದ್ಯಾನಿಲಯವನ್ನು ಸೇರಿದುದಕ್ಕಾಗಿ ಗಲಭೆ ನಡೆದು ಇಬ್ಬರು ಸತ್ತು ಆಗಿನ್ನೂ ಅರ್ಧ ವರ್ಷವಾಗಿರಲಿಲ್ಲ. ಗವರ್ನರ್ ರಾಸ್ ಬಾರ್ನೆಟ್ಟರು ವರ್ಣಭೇದದ ಪ್ರಬಲ ಪಕ್ಷಪಾತಿಗಳು. ಹೀಗಿದ್ದರೂ ವಿದ್ಯಾಪೀಠದ ಅಧ್ಯಕ್ಷರಾದ ಡೀನ್ ಕಾಲ್ವರ್ಡರು ತಂಡವನ್ನು ಕಳುಹಿಸುವೆನೆಂದು ಪ್ರಕಟಿಸಿದರು. ವಿರೋಧಿಗಳು ನ್ಯಾಯಸ್ಥಾನದಿಂದ ತಡೆಯಾಜ್ಞೆಯನ್ನು ತಂದರು. ಅದು ಕೈಗೆ ತಲಪುವ ಮುನ್ನವೇ ಅಧ್ಯಕ್ಷರೂ ಶಿಕ್ಷಕರಾದ ಬೇಬ್ ಮೆಕಾರ್ಥಿಯವರೂ ಸಂಸ್ಥಾನದ ಎಲ್ಲೆಯನ್ನು ದಾಟಿದರು. ಆಟಗಾರರು ಮರುದಿನ ಬೆಳಗ್ಗೆ ವಿಮಾನದಲ್ಲಿ ಹೊರಟರು. ಮಾರ್ಚಿ 15ರಂದು ಮಿಷಿಗನ್ ಸಂಸ್ಥಾನದ ಈಸ್ಟ್ ಲ್ಯಾನ್ಸಿಂಗಿನಲ್ಲಿ ಷಿಕಾಗೋ ನಗರದ ಲೊಯೋಲಾ ತಂಡದೊಡನೆ ಪಂದ್ಯ ನಡೆಯಿತು. ಲೊಯೋಲಾ ತಂಡದ ಮೊದಲ ಐವರಲ್ಲಿ ನಾಲ್ವರು ಕಪ್ಪು ವರ್ಣದವರು. ಆರಂಭದಲ್ಲಿ ಎರಡು ತಂಡಗಳ ನಾಯಕರೂ ಪರಸ್ಪರ ಕೈಹಿಡಿದು ವಂದಿಸಿದರು. ಮಿಸಿಸಿಪ್ಪಿಯವರು 51ಕ್ಕೆ 61ರಂತೆ ಸೋತರು. ಲೊಯೋಲಾ ತಂಡವು ಆ ವರ್ಷದ ರಾಷ್ಟ್ರೀಯ ವಿಜಯವನ್ನೇ ಪಡೆಯಿತು.

ಮುಂದಿನ ವಿವಾದವು ಧ್ವಜದ ವಿಷಯವಾದುದು. ದಾಸ್ಯಪದ್ಧತಿಯನ್ನು ಉಳಿಸಿಕೊಳ್ಳಲೆಂದು ಬೇರೆಯಾಗಿ ಕಾದಿದ ದಕ್ಷಿಣದವರ ಯುದ್ಧಲಾಂಛನವನ್ನು ಮಿಸಿಸಿಪ್ಪಿಯು 1894ರಲ್ಲಿ ತನ್ನ ಧ್ವಜದೊಳಗೆ ಸೇರಿಸಿಕೊಂಡಿದ್ದಿತು. 2001ರಲ್ಲಿ ಜನಾಭಿಪ್ರಾಯವನ್ನು ಕೇಳಲಾಗಿ, ಸುಮಾರು ಶೇಕಡ 64 ಮತಗಳು ಹಳೆಯ ಧ್ವಜದ ಪರವಾಗಿ ಬಂದುವು. ಅದೇ ವರ್ಷ ಕ್ರೀಡಾಸಂಘವು, ಆ ಲಾಂಛನವು ಹಾರುವ ಸಂಸ್ಥಾನಗಳಲ್ಲಿ ಮುಂದಾಗಿಯೇ ಸ್ಥಳ ಗೊತ್ತುಮಾಡುವ ಅಂತಿಮ ಪಂದ್ಯಗಳನ್ನು ನಡೆಯಿಸುವುದಿಲ್ಲವೆಂದು ನಿಶ್ಚಯಿಸಿತು. ಆದರೆ ತಂಡಗಳು ಯೋಗ್ಯತೆಯಿಂದ ಗಳಿಸುವ ಸ್ವಸ್ಥಳದ ಪಂದ್ಯಗಳಿಗೆ ಈ ನಿಷೇಧವು ತಗುಲಲಿಲ್ಲ. ಹೀಗಾಗಿ ಸುಮಾರು ಹತ್ತೊಂಬತ್ತು ವರ್ಷ ಧ್ವಜವೂ ಉಳಿಯಿತು, ನಿಷೇಧವೂ ಉಳಿಯಿತು.

2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಪೋಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬುವರು ಮೃತರಾದುದರಿಂದ ದೇಶವೆಲ್ಲ ಕ್ಷೋಭೆಗೊಂಡಿತು. ಜೂನ್ 19ರಂದು ಕ್ರೀಡಾಸಂಘವು ತನ್ನ ನಿಷೇಧವನ್ನು ಸ್ವಸ್ಥಳದ ಪಂದ್ಯಗಳಿಗೂ ವಿಸ್ತರಿಸಿತು. 22ರಂದು ಮಿಸಿಸಿಪ್ಪಿ ಸ್ಟೇಟ್ ವಿದ್ಯಾಪೀಠದ ಫುಟ್‌ಬಾಲ್ ಆಟಗಾರ ಕೈಲಿನ್ ಹಿಲ್ ಎಂಬ ತರುಣನು, ಧ್ವಜವನ್ನು ಬದಲಾಯಿಸದಿದ್ದರೆ ತಾನು ಆ ಸಂಸ್ಥಾನದ ಪರವಾಗಿ ಇನ್ನು ಆಡುವುದಿಲ್ಲವೆಂದು ಸಾರಿದನು. ಕಾಲೇಜುಗಳ ಕ್ರೀಡಾಶಿಕ್ಷಕರು ರಾಜಧಾನಿಯಾದ ಜಾಕ್‌ಸನ್ನಿಗೆ ಹೋಗಿ ಶಾಸಕರನ್ನು ಕಂಡರು. ವರ್ತಕರೂ ಚರ್ಚುಗಳವರೂ ದನಿಗೂಡಿಸಿದರು. 28ರಂದು ಶಾಸನಸಭೆಗಳೆರಡೂ ಹಳೆಯ ಧ್ವಜವನ್ನು ತೆಗೆಯಲು ಮತವಿತ್ತುವು: ಕೆಳಮನೆಯಲ್ಲಿ 91ಕ್ಕೆ 23, ಮೇಲ್ಮನೆಯಲ್ಲಿ 37ಕ್ಕೆ 14. 30ರಂದು ಗವರ್ನರರು ಸಹಿಮಾಡಿದರು. ನವೆಂಬರಿನಲ್ಲಿ ಹೊಸ ಧ್ವಜಕ್ಕೆ ಶೇಕಡ 70ಕ್ಕೂ ಮಿಕ್ಕ ಮತದಾರರು ಒಪ್ಪಿಗೆಯಿತ್ತರು. ಆದರೆ ಆಗ ಹಳೆಯದನ್ನು ಆರಿಸುವ ಅವಕಾಶವಿರಲಿಲ್ಲವೆಂಬುದನ್ನೂ ನೆನೆಯಬೇಕು.

ಇಲ್ಲಿಯೇ ಆಕ್ಷೇಪಕ್ಕೆ ಬಲವಿರುವುದು. ಜನರು ಚುನಾಯಿಸದ ಸಂಘವೊಂದು ಜನರ ಮತಕ್ಕೆ ಇದಿರಾಗಿ ಒತ್ತಾಯ ಮಾಡುವುದು ಸರಿಯೇ? ಇಂದು ಧ್ವಜ, ನಾಳೆ ಮತ್ತೊಂದು ಎಂದು ಸಾಗಿದರೆ ಕೊನೆಯೆಲ್ಲಿ? 2016ರಲ್ಲಿ ಉತ್ತರ ಕ್ಯಾರೊಲೈನಾ ಸಂಸ್ಥಾನವು, ಸರ್ಕಾರೀ ಕಟ್ಟಡಗಳ ಶೌಚಾಲಯಗಳನ್ನು ಜನ್ಮಪತ್ರದಲ್ಲಿರುವ ಲಿಂಗಕ್ಕೆ ಅನುಸಾರವಾಗಿಯೇ ಬಳಸಬೇಕೆಂದು ಶಾಸನ ಮಾಡಿದಾಗ, ಸಂಘವು ಏಳು ಪಂದ್ಯಗಳನ್ನು ಅಲ್ಲಿಂದ ತೆಗೆಯಿತು. ಮರುವರ್ಷ ಶಾಸನವು ಅರೆಬರೆಯಾಗಿ ಮಾರ್ಪಟ್ಟಾಗ, ಮನಸ್ಸಿಲ್ಲದ ಮನಸ್ಸಿನಿಂದ ಮತ್ತೆ ಒಪ್ಪಿತು. ತೃತೀಯಲಿಂಗಿಗಳ ಪರವಾಗಿ ಹೀಗೆ ನಿಂತ ಸಂಘವೇ 2025ರ ಫೆಬ್ರವರಿಯಲ್ಲಿ, ಅಧ್ಯಕ್ಷ ಟ್ರಂಪರ ಆಜ್ಞೆ ಹೊರಟ ಮರುದಿನವೇ, ಹೆಂಗಸರ ಪಂದ್ಯಗಳ ನಿಯಮವನ್ನು ಬದಲಾಯಿಸಿತು. ಗಾಳಿ ಬಂದತ್ತ ತೂರಿಕೊಳ್ಳುವ ಸಂಘದ ನುಡಿಗೆ ತೂಕವೆಷ್ಟು ಎಂದು ಕೇಳುವವರಿಗೆ ಇದು ಸಾಕಷ್ಟು ಆಧಾರವಾಗಿದೆ.

ಮಿಸಿಸಿಪ್ಪಿಯ ಕಥೆಯಿಂದ ಒಂದು ಮೇರೆಯನ್ನು ಗುರುತಿಸಬಹುದು. ತನ್ನ ಪಂದ್ಯದಲ್ಲಿ ಯಾರು ಆಡಬಹುದು, ಆಡಲು ಬಂದವರು ಅವಮಾನವಿಲ್ಲದೆ ಅಲ್ಲಿ ನಿಲ್ಲಬಹುದೇ ಎಂಬುವು ಕ್ರೀಡಾಸಂಘದ ಸ್ವಂತ ಕರ್ತವ್ಯಕ್ಕೆ ಸೇರಿದ ಪ್ರಶ್ನೆಗಳು. ಅವುಗಳಲ್ಲಿ ಮೌನವಾಗಿರುವ ಹಕ್ಕು ಅದಕ್ಕಿಲ್ಲ. ಆಟಗಾರರಿಗೆ ಸಂಬಂಧವಿಲ್ಲದ ತೆರಿಗೆ, ಪಕ್ಷ, ಚುನಾವಣೆಗಳ ವಿಷಯಗಳಲ್ಲಿ ಮೌನವೇ ಅದಕ್ಕೆ ಲೇಸು. ಎರಡರ ನಡುವಣ ವಿಷಯಗಳಲ್ಲಿ ನಿರ್ಣಯ ಮಾಡುವಾಗ, ಅದರ ಭಾರವನ್ನು ಹೊರುವವರು ವಿದ್ಯಾರ್ಥಿಗಳೇ ಆದುದರಿಂದ, ಮೊದಲು ಅವರನ್ನು ಕೇಳುವುದು ನ್ಯಾಯ. 1959ರ ತಂಡವನ್ನು ಯಾರೂ ಕೇಳಲಿಲ್ಲ. 2020ರಲ್ಲಿ ವಿದ್ಯಾರ್ಥಿಯೊಬ್ಬನು ತಾನಾಗಿಯೇ ಮಾತನಾಡಿದನು. ಎಂಟು ದಿನಗಳೊಳಗೆ ನೂರಿಪ್ಪತ್ತಾರು ವರ್ಷದ ಧ್ವಜವು ಇಳಿಯಿತು.