ಹೆಪ್ಪು ಮತ್ತು ಹದ

1971ನೆಯ ಇಸವಿಯ ಮಳೆಗಾಲದಲ್ಲಿ ನನ್ನ ಸೋದರತ್ತೆ ಬಚ್ಚಲಮನೆಯಲ್ಲಿ ಜಾರಿಬಿದ್ದರು. ಆಗ ಅವರಿಗೆ 64 ವರ್ಷ. ಮನೆಯಲ್ಲಿ ಎಲ್ಲರೂ ‘ಸೊಂಟ ಮುರಿಯಿತು’ ಎಂದರು. ವೈದ್ಯರು ನೋಡಿ, ಮುರಿದದ್ದು ಸೊಂಟವಲ್ಲ, ತೊಡೆಯ ಮೂಳೆಯ ಕತ್ತು ಎಂದು ತಿಳಿಸಿದರು. ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೂಳೆ ಕೂಡಿತು, ಗಾಯ ಮಾಯಿತು, ಜ್ವರವೂ ಬರಲಿಲ್ಲ. ಹನ್ನೆರಡನೆಯ ದಿನ ಬೆಳಗ್ಗೆ ಇಬ್ಬರು ದಾದಿಯರು ಅವರನ್ನು ಎಬ್ಬಿಸಿ ನಿಲ್ಲಿಸಿದರು. ನಾಲ್ಕು ಹೆಜ್ಜೆ ಇಟ್ಟ ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು, ‘ಉಸಿರು’ ಎಂದಷ್ಟೇ ಹೇಳಿ ಕುಸಿದರು. ಮತ್ತೆ ಏಳಲಿಲ್ಲ. ‘ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಯಿತು’ ಎಂದು ವೈದ್ಯರು ತಂದೆಯವರಿಗೆ ವಿವರಿಸುತ್ತಿದ್ದಾಗ ಹದಿನಾಲ್ಕು ವರ್ಷದ ನಾನು ಬಾಗಿಲ ಬಳಿ ನಿಂತಿದ್ದೆ.

ಆ ‘ಹೆಪ್ಪು’ ಎಂಬ ಮಾತು ನನ್ನನ್ನು ಬಹಳ ಕಾಲ ಕಾಡಿತು. ಕನ್ನಡದಲ್ಲಿ ಹಾಲಿಗೂ ರಕ್ತಕ್ಕೂ ಒಂದೇ ಮಾತು. ರಾತ್ರಿ ಹಾಲಿಗೆ ಹೆಪ್ಪು ಹಾಕುವ ನಮ್ಮ ಹೆಂಗಸರಿಗೆ ಅದರ ಹದ ಚೆನ್ನಾಗಿ ಗೊತ್ತು: ಹಾಲು ತಣ್ಣಗಿದ್ದರೆ ಹೆಪ್ಪಾಗದು, ಬಿಸಿಯಾಗಿದ್ದರೆ ಒಡೆದೀತು. ರಕ್ತವೂ ಹದ ಬೇಡುವ ದ್ರವವೇ. ಹೆಪ್ಪುಗಟ್ಟದಿದ್ದರೆ ಬೆರಳು ಕೊಯ್ದುಕೊಂಡವನೂ ಉಳಿಯಲಾರ. ನಾಳದೊಳಗೇ ಹೆಪ್ಪುಗಟ್ಟಿದರೆ ಮೂಳೆ ಕೂಡಿದವಳೂ ಉಳಿಯಲಾರಳು. ಈ ಎರಡು ಅಪಾಯಗಳ ನಡುವಣ ಹದವನ್ನು ಮನುಷ್ಯ ಹೇಗೆ ಹುಡುಕಿಕೊಂಡು ಬಂದ ಎಂಬುದೇ ಈ ಹೊತ್ತಿನ ನನ್ನ ವಿಷಯ. ನಾನು ವೈದ್ಯನಲ್ಲ, ಚರಿತ್ರೆಯನ್ನು ಪಾಠ ಹೇಳಿದವನು. ಕೇಳುಗರು ಇದನ್ನು ಚರಿತ್ರೆಯೆಂದೇ ಎಣಿಸಬೇಕು, ಔಷಧದ ಚೀಟಿಯೆಂದಲ್ಲ.

ಕಾಲಿನಲ್ಲಿ ಹುಟ್ಟಿದ ಹೆಪ್ಪು ರಕ್ತಪ್ರವಾಹದೊಡನೆ ಸಾಗಿ ಶ್ವಾಸಕೋಶದ ನಾಳವನ್ನು ಮುಚ್ಚುತ್ತದೆ ಎಂದು ತೋರಿಸಿಕೊಟ್ಟವನು ಜರ್ಮನಿಯ ರುಡಾಲ್ಫ್ ವಿರ್ಖೋ. 19ನೆಯ ಶತಮಾನದ ನಡುಭಾಗದ ಮಾತು. ಹೆಪ್ಪಿಗೆ ಮೂರು ಕಾರಣಗಳೆಂದು ಅವನ ಹೆಸರಿನಲ್ಲಿ ವೈದ್ಯರು ಇಂದಿಗೂ ಹೇಳುತ್ತಾರೆ: ರಕ್ತದ ಹರಿವು ಮಂದವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತದ ಗುಣವೇ ಹೆಪ್ಪಿನ ಕಡೆಗೆ ವಾಲುವುದು. ತೊಡೆಯ ಮೂಳೆ ಮುರಿದು ಮಲಗಿದ ವೃದ್ಧರಲ್ಲಿ ಈ ಮೂರೂ ಒಟ್ಟಿಗೆ ಕೂಡುತ್ತವೆ. ಅತ್ತೆಯ ಸಾವು ಆಕಸ್ಮಿಕವೆಂದು ನಾವು ತಿಳಿದಿದ್ದೆವು. ಅದು ಆಕಸ್ಮಿಕವಾಗಿರಲಿಲ್ಲ, ದಾರಿ ತಿಳಿದಿದ್ದ ಸಾವಾಗಿತ್ತು.

ಹೆಪ್ಪನ್ನು ತಡೆಯುವ ಮೊದಲ ಔಷಧ ಸಿಕ್ಕಿದ್ದು ಅದನ್ನು ಹುಡುಕದವನಿಗೆ. 1916ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿ, ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಪ್ರಾಣಿಗಳ ಅಂಗಗಳಿಂದ ತೆಗೆಯುವ ಕೆಲಸದಲ್ಲಿದ್ದ. ಯಕೃತ್ತಿನಿಂದ ತೆಗೆದ ಸಾರವೊಂದು ಅದಕ್ಕೆ ತೀರ ವಿರುದ್ಧವಾದ ಗುಣ ತೋರಿತು. ಅವನ ಗುರು ವಿಲಿಯಂ ಹೋವೆಲ್ ಮುಂದೆ ಈ ಬಗೆಯ ವಸ್ತುವಿಗೆ, ಯಕೃತ್ತಿನ ಗ್ರೀಕ್ ಹೆಸರನ್ನು ಹಿಡಿದು, ಹೆಪಾರಿನ್ ಎಂದು ನಾಮಕರಣ ಮಾಡಿದ. 1930ರ ದಶಕದಲ್ಲಿ ಟೊರಾಂಟೊದ ಸಂಶೋಧಕರು ಅದನ್ನು ಶುದ್ಧಿಗೊಳಿಸಿದ ಮೇಲೆ ಮನುಷ್ಯರಿಗೆ ಕೊಡುವಂತಾಯಿತು. ಆದರೆ ಅದನ್ನು ಚುಚ್ಚಿಯೇ ಕೊಡಬೇಕು.

ಬಾಯಲ್ಲಿ ನುಂಗುವ ಔಷಧ ಬಂದದ್ದು ದನದ ಕೊಟ್ಟಿಗೆಯಿಂದ. 1920ರ ದಶಕದಲ್ಲಿ ಕೆನಡಾದಲ್ಲೂ ಅಮೆರಿಕದ ಉತ್ತರ ಪ್ರಾಂತಗಳಲ್ಲೂ, ಬೂಷ್ಟು ಹಿಡಿದ ಒಂದು ಜಾತಿಯ ಮೇವನ್ನು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ಸುರಿಸಿ ಸಾಯತೊಡಗಿದವು. 1933ರ ಫೆಬ್ರವರಿಯಲ್ಲಿ ಎಡ್ ಕಾರ್ಲ್‌ಸನ್ ಎಂಬ ವಿಸ್ಕಾನ್ಸಿನ್ ರೈತ, ಸತ್ತ ಕಡಸನ್ನೂ, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ, ಕೆಟ್ಟ ಹುಲ್ಲಿನ ಹೊರೆಯನ್ನೂ ಲಾರಿಯಲ್ಲಿ ಹೇರಿಕೊಂಡು, ಹಿಮದ ಬಿರುಗಾಳಿಯಲ್ಲಿ ಸುಮಾರು 190 ಮೈಲಿ ಪ್ರಯಾಣ ಮಾಡಿ ಮ್ಯಾಡಿಸನ್ ನಗರದ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞ ಅವನ ಕತೆ ಕೇಳಿದ. ಆ ಹುಲ್ಲು ಹಾಕಬೇಡ ಎನ್ನುವುದರ ಹೊರತು ಅಂದು ಲಿಂಕ್ ಹೇಳಬಲ್ಲದ್ದು ಬೇರೇನೂ ಇರಲಿಲ್ಲ. ಆದರೆ ಅವನೂ ಅವನ ಸಂಗಡಿಗರೂ ಆರು ವರ್ಷ ಬಿಡದೆ ದುಡಿದು 1939ರಲ್ಲಿ ಆ ಹುಲ್ಲಿನ ವಿಷವನ್ನು ಹರಳಾಗಿ ಬೇರ್ಪಡಿಸಿದರು. ಅದೇ ವಂಶದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು. ವಿಷಕ್ಕೂ ಔಷಧಕ್ಕೂ ಪ್ರಮಾಣವೇ ಭೇದ ಎಂಬ ಹಳೆಯ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಂಡಿಲ್ಲ.

ಈ ಔಷಧಗಳನ್ನು ತೊಡೆಯ ಮೂಳೆ ಮುರಿದವರಿಗೆ ಮುನ್ನೆಚ್ಚರಿಕೆಯಾಗಿ ಕೊಟ್ಟು, ಕೊಡದವರೊಂದಿಗೆ ಹೋಲಿಸಿ ನೋಡಿದ ಕೀರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಅಪಘಾತ ಆಸ್ಪತ್ರೆಗೆ ಸಲ್ಲಬೇಕು. ಅಲ್ಲಿ ಸೈಮನ್ ಸೆವಿಟ್ ಶವಪರೀಕ್ಷೆ ಮಾಡುವ ವೈದ್ಯ. ಕೂಡಿದ ಮೂಳೆಯೊಡನೆ ಸತ್ತವರನ್ನು ಮೇಜಿನ ಮೇಲೆ ಕಂಡು ಕಂಡು ಬೇಸತ್ತವನು. ಅವನೂ ಗ್ಯಾಲಘರನೂ 300 ಮಂದಿ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ವಾರ್ಫರಿನ್ನಿನಂತೆಯೇ ಕೆಲಸಮಾಡುವ ಫೆನಿಂಡಿಯೋನ್ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. 1959ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ಸಂದಿಗ್ಧವೇನೂ ಇರಲಿಲ್ಲ: ಔಷಧ ಪಡೆದವರಲ್ಲಿ ಹೆಪ್ಪೂ ಕಡಮೆ, ಸಾವೂ ಕಡಮೆ. ಆದರೂ ಬಹುಮಂದಿ ಶಸ್ತ್ರವೈದ್ಯರು ಆ ದಾರಿಯನ್ನು ಹಿಡಿಯಲಿಲ್ಲ. ಹೊಲಿದ ಗಾಯ ರಕ್ತ ಸುರಿಸೀತೆಂಬ ಭಯ. ಆ ಭಯವನ್ನು ನಾನು ಹಳಿಯಲಾರೆ. ಗಾಯದಿಂದ ಸುರಿಯುವ ರಕ್ತ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಹೊಣೆ ತನ್ನ ಕೈ. ನಾಳದೊಳಗಿನ ಹೆಪ್ಪು ಕಾಣುವುದಿಲ್ಲ, ಅದು ಹಣೆಬರಹವೆನಿಸಿಕೊಳ್ಳುತ್ತದೆ.

ಈ ಭಯವನ್ನು ತಗ್ಗಿಸಿದವರಲ್ಲಿ ಮುಖ್ಯನಾದವನು ಭಾರತ ಮೂಲದ ಶಸ್ತ್ರವೈದ್ಯ, ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯ ವಿಜಯ್ ಕಕ್ಕರ್. ಹೆಪಾರಿನ್ನನ್ನು ಅಲ್ಪ ಪ್ರಮಾಣದಲ್ಲಿ, ಚರ್ಮದಡಿಗೆ ಕೊಟ್ಟರೆ ಸಾಕಾದೀತೆಂದು ಅವನೂ ಅವನ ಸಂಗಡಿಗರೂ ಹಲವು ದೇಶಗಳ 4,121 ಮಂದಿಯಲ್ಲಿ ಪರೀಕ್ಷಿಸಿದರು. 1975ರಲ್ಲಿ ಬಂದ ವರದಿಯ ಪ್ರಕಾರ ಶ್ವಾಸಕೋಶದ ಹೆಪ್ಪಿನಿಂದ ಸತ್ತವರು ಔಷಧವಿಲ್ಲದ ಪಾಲಿನಲ್ಲಿ 16, ಔಷಧ ಪಡೆದ ಪಾಲಿನಲ್ಲಿ 2. ಇದೇ ಕಕ್ಕರ್ ಮುಂದೆ ಕಟ್ಟಿದ ಸಂಶೋಧನಾ ಸಂಸ್ಥೆಯ ಶಾಖೆಯೊಂದು ನಮ್ಮ ಬೆಂಗಳೂರಿನಲ್ಲಿಯೂ ನೆಲೆಗೊಂಡಿತು.

ಅಲ್ಲಿಂದ ಮುಂದೆ ಪ್ರಶ್ನೆ ಬದಲಾಯಿತು. ಕೊಡಬೇಕೇ ಬೇಡವೇ ಎಂಬುದು ಹೋಗಿ, ಯಾವುದನ್ನು ಕೊಡಬೇಕು ಎಂಬುದು ಬಂತು. 1980ರ ದಶಕದಲ್ಲಿ ಹೆಪಾರಿನ್ನಿನ ಉದ್ದನೆಯ ಅಣುವನ್ನು ತುಂಡರಿಸಿದ ಹೊಸ ರೂಪಗಳು ಬಳಕೆಗೆ ಬಂದವು, ಎನಾಕ್ಸಪರಿನ್ ಅವುಗಳಲ್ಲೊಂದು. ಆಮೇಲೆ ಪ್ರಾಣಿಯ ಅಂಗವನ್ನೇ ಮುಟ್ಟದೆ ಪ್ರಯೋಗಶಾಲೆಯಲ್ಲಿ ಹೆಣೆದ ಫೊಂಡಪರಿನಕ್ಸ್ ಬಂತು. 2001ರಲ್ಲಿ ತೊಡೆಯ ಮೂಳೆ ಮುರಿದ 1,711 ಮಂದಿಯಲ್ಲಿ ಇವೆರಡನ್ನೂ ತೂಗಿ ನೋಡಿದಾಗ, ಹನ್ನೊಂದನೆಯ ದಿನದ ಹೊತ್ತಿಗೆ ಎನಾಕ್ಸಪರಿನ್ ಪಡೆದವರಲ್ಲಿ ನೂರಕ್ಕೆ 19.1 ಮಂದಿಗೆ ಹೆಪ್ಪು ಕಂಡಿತು. ಫೊಂಡಪರಿನಕ್ಸ್ ಪಡೆದವರಲ್ಲಿ 8.3 ಮಂದಿಗೆ. ಮೊದಲ ನೋಟಕ್ಕೆ ತೀರ್ಪು ಮುಗಿಯಿತು. ಆದರೆ ಆ ಹೆಪ್ಪುಗಳಲ್ಲಿ ಬಹುಪಾಲು ಕಾಲಿನ ನಾಳಕ್ಕೆ ಬಣ್ಣ ತುಂಬಿ ತೆಗೆದ ಎಕ್ಸ್‌ರೇ ಚಿತ್ರದಲ್ಲಿ ಮಾತ್ರ ಕಂಡವು. ರೋಗಿಗೆ ಅವುಗಳ ಅರಿವೇ ಇರಲಿಲ್ಲ. ಕಾಲು ಬಾತು, ಉಸಿರು ಕಟ್ಟಿ ನರಳಿದವರನ್ನು ಮಾತ್ರ ಎಣಿಸಿದಾಗ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಉಳಿಯಲಿಲ್ಲ. ಲೆಕ್ಕ ಹಾಕುವವನು ಯಾವುದನ್ನು ಎಣಿಸುತ್ತಾನೆ ಎಂಬುದನ್ನು ಮೊದಲು ಕೇಳಬೇಕು. ಇದು ಅರಸರ ಯುದ್ಧಗಳ ಚರಿತ್ರೆಗೆ ಸಲ್ಲುವಂತೆಯೇ ಇದಕ್ಕೂ ಸಲ್ಲುವ ಮಾತು.

ಈ ನಡುವೆ ಎಲ್ಲರ ಮನೆಯ ಡಬ್ಬಿಯಲ್ಲಿದ್ದ ಆಸ್ಪಿರಿನ್ ಕೂಡ ಸ್ಪರ್ಧೆಗೆ ಇಳಿಯಿತು. 2000ದಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ಐದು ದೇಶಗಳ, ತೊಡೆಯ ಮೂಳೆ ಮುರಿದ 13,356 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ 35 ದಿನ ಆಸ್ಪಿರಿನ್, ಉಳಿದವರಿಗೆ ಹುಸಿಗುಳಿಗೆ. ಶ್ವಾಸಕೋಶದ ಹೆಪ್ಪಿನಿಂದ ಸತ್ತವರು ಕ್ರಮವಾಗಿ 18 ಮತ್ತು 43. ಆದರೆ ಅವರಲ್ಲಿ ಅನೇಕರು ಜೊತೆಗೆ ಹೆಪಾರಿನ್ನನ್ನೂ ಪಡೆದಿದ್ದರು. ಒಂದರ ಬದಲು ಇನ್ನೊಂದು ಸಾಕೇ ಎಂಬ ಪ್ರಶ್ನೆಗೆ ಉತ್ತರ ಅಲ್ಲಿರಲಿಲ್ಲ. 2023ರಲ್ಲಿ ಅಮೆರಿಕ ಮತ್ತು ಕೆನಡಾಗಳ 12,211 ಗಾಯಾಳುಗಳಲ್ಲಿ ಆಸ್ಪಿರಿನ್ನನ್ನೂ ಎನಾಕ್ಸಪರಿನ್ನನ್ನೂ ಎದುರುಬದರು ನಿಲ್ಲಿಸಿದರು. ಮೂರು ತಿಂಗಳೊಳಗಿನ ಸಾವು ನೂರಕ್ಕೆ 0.78 ಮತ್ತು 0.73, ಎಂದರೆ ಹೆಚ್ಚುಕಡಮೆ ಸಮ. ಕಾಲಿನ ಹೆಪ್ಪು ಮಾತ್ರ ಆಸ್ಪಿರಿನ್ ಪಡೆದವರಲ್ಲಿ ತುಸು ಹೆಚ್ಚು. ಆದರೆ ಆ ಗಾಯಾಳುಗಳ ಸರಾಸರಿ ವಯಸ್ಸು 45ರ ಆಸುಪಾಸು. ಬಚ್ಚಲಲ್ಲಿ ಬಿದ್ದ ಮುದುಕಿಯ ಮಾತನ್ನು ಅವರ ಬಾಯಿಂದ ಆಡಿಸುವುದು ನ್ಯಾಯವಾಗದು.

2019ರಲ್ಲಿ ನನ್ನ ತಾಯಿ ಬಿದ್ದಳು. ಅವಳಿಗೆ 86, ತೂಕ 42 ಕಿಲೋ. ಮುರಿದದ್ದು ಅದೇ ಮೂಳೆ. ಶಸ್ತ್ರಚಿಕಿತ್ಸೆಯ ಮರುದಿನವೇ ಅವಳನ್ನು ಎಬ್ಬಿಸಿ ಕೂರಿಸಿದರು. ಹೊಟ್ಟೆಯ ಚರ್ಮಕ್ಕೆ ದಿನಕ್ಕೊಂದು ಎನಾಕ್ಸಪರಿನ್ ಚುಚ್ಚುಮದ್ದು, ಒಂದು ತಿಂಗಳು ಎಂದರು. ಆ ಔಷಧದ ಮೂಲ ಹಂದಿಯ ಕರುಳು ಎಂದು ನಾನು ಓದಿದ್ದೆ. ಈರುಳ್ಳಿಯನ್ನೂ ಮುಟ್ಟದವಳು ನನ್ನ ತಾಯಿ. ಬೇರೆ ದಾರಿ ಇಲ್ಲವೇ ಎಂದು ವೈದ್ಯರನ್ನು ಕೇಳಿದೆ. ಫೊಂಡಪರಿನಕ್ಸ್ ಇದೆ, ಆದರೆ 50 ಕಿಲೋಗಿಂತ ಕಡಮೆ ತೂಕದವರಿಗೆ ಅದರಿಂದ ರಕ್ತಸ್ರಾವದ ಭಯ ಹೆಚ್ಚು ಎಂದರು ಅವರು. ಬರೀ ಆಸ್ಪಿರಿನ್ನನ್ನು ನಂಬಿ ಈ ವಯಸ್ಸಿನವರನ್ನು ಬಿಡಲು ಅವರಿಗೆ ಧೈರ್ಯವಿರಲಿಲ್ಲ.

ಹೇಳದೆ ಇದ್ದುಬಿಡಬಹುದಿತ್ತು; ಮನೆಯವರೂ ಹಾಗೆಯೇ ಎಂದರು. ಆದರೆ ಅವಳ ಮೈ, ಅವಳ ವ್ರತ. ಸಂಜೆ ಹಾಸಿಗೆಯ ಪಕ್ಕ ಕುಳಿತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಕೇಳಿದಳು: ‘ನಿಮ್ಮತ್ತೆಗೆ ಇದು ಇರಲಿಲ್ಲವೇನೋ ಆವಾಗ?’

‘ಪ್ರಪಂಚದಲ್ಲಿತ್ತಮ್ಮ. ನಮ್ಮಲ್ಲಿಗೆ ಬಂದಿರಲಿಲ್ಲ’ ಎಂದೆ.

‘ಹಾಗಾದರೆ ಹಾಕಿಸಪ್ಪ. ಅವಳ ಪಾಲಿನದೂ ನನಗೇ ಇರಲಿ’ ಎಂದಳು.

ಅಮ್ಮ ಮತ್ತೆ ನಡೆದಳು; ಕೋಲು ಹಿಡಿದು, ನಡುಮನೆಯಿಂದ ತುಳಸಿಕಟ್ಟೆಯವರೆಗೆ. ಚುಚ್ಚುಮದ್ದೇ ಅವಳನ್ನು ಉಳಿಸಿತೆಂದು ನಾನು ಸಾಧಿಸಲಾರೆ. ಅದಿಲ್ಲದೆಯೂ ಉಳಿಯುತ್ತಿದ್ದಳೋ ಏನೋ. ಮುನ್ನೆಚ್ಚರಿಕೆಯ ಔಷಧಗಳ ಚರಿತ್ರೆಯೇ ಹೀಗೆ: ಸತ್ತವರ ಹೆಸರು ಮನೆಮಂದಿಗೆ ನೆನಪಿರುತ್ತದೆ; ಉಳಿದವರಿಗೆ ತಾವು ಉಳಿಸಲ್ಪಟ್ಟವರೆಂಬುದೇ ತಿಳಿಯುವುದಿಲ್ಲ. ಅವರು ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿಯಾಗಿರುತ್ತಾರೆ, ಅಷ್ಟೆ. ಸೆವಿಟ್ಟನ 300 ಮಂದಿ, ಕಕ್ಕರನ 4,121 ಮಂದಿ, ಆಸ್ಪಿರಿನ್ ನುಂಗಿದವರೂ ಹುಸಿಗುಳಿಗೆ ನುಂಗಿದವರೂ ಕೂಡಿ ನಮಗೆ ಒಂದಿಷ್ಟು ಹದವನ್ನು ಕಲಿಸಿಕೊಟ್ಟಿದ್ದಾರೆ. ರಾತ್ರಿ ಅಡಿಗೆಮನೆಯಲ್ಲಿ ಯಾರಾದರೂ ಬೆರಳದ್ದಿ ಹಾಲಿನ ಬಿಸಿ ನೋಡುವುದನ್ನು ಕಂಡಾಗ, ನಾಲ್ಕು ಹೆಜ್ಜೆಗೆ ಕುಸಿದ ನನ್ನ ಅತ್ತೆ ನೆನಪಾಗುತ್ತಾರೆ. ಅವರೊಡನೆ, ಹೆಸರು ತಿಳಿಯದ ಆ ಸಾವಿರಾರು ಜನರೂ.