ಗಣೆಯ ಉಸಿರು, ಕತ್ತಿಯ ಮಿಂಚು: ಶಿರಾ–ಪಾವಗಡ ಸೀಮೆಯ ವೀರಕಥನ ಮತ್ತು ಅನಿಮೇಷನ್ ಸೂಪರ್‌ಹೀರೋ

ಅಮೆರಿಕದ ಫಿಲ್ಮೇಶನ್ ಸಂಸ್ಥೆ 1983ರಲ್ಲಿ ಆರಂಭಿಸಿದ ‘ಹೀ-ಮ್ಯಾನ್’ ಅನಿಮೇಷನ್ ಧಾರಾವಾಹಿ 130 ಕಂತು ನಡೆಯಿತು. ನಮ್ಮ ದೂರದರ್ಶನದಲ್ಲೂ ಬಂತು. ಹೆಚ್ಚುಕಡಿಮೆ ಪ್ರತಿ ಕಂತಿನಲ್ಲೂ ರಾಜಕುಮಾರ ಆಡಮ್ ಕತ್ತಿಯನ್ನು ಮೇಲೆತ್ತುತ್ತಾನೆ, ಮಿಂಚು ಹರಿಯುತ್ತದೆ, ಅವನು ಹೀ-ಮ್ಯಾನ್ ಆಗುತ್ತಾನೆ. ಈ ಚಿತ್ರಸರಣಿಯನ್ನು ಒಮ್ಮೆ ಬರೆದಿಟ್ಟುಕೊಂಡು ಮತ್ತೆ ಮತ್ತೆ ಬಳಸಿದರು. ಶೀರ್ಷಿಕೆಯ ದೃಶ್ಯದಲ್ಲಿ ಆಡಮ್ ತಾನು ಯಾರು, ಯಾವ ರಾಜ್ಯದವನು, ತನ್ನ ಶಕ್ತಿ ಎಲ್ಲಿಂದ ಬಂತು ಎಂದು ಪ್ರತಿಸಲವೂ ತಾನೇ ಹೇಳಿಕೊಳ್ಳುತ್ತಾನೆ. ಇಂಥ ಪುನರಾವರ್ತನೆಗೆ ಸಾಮಾನ್ಯವಾಗಿ ಕೊಡುವ ವಿವರಣೆ ಒಂದೇ: ಕಡಿಮೆ ಖರ್ಚಿನಲ್ಲಿ ಹೆಚ್ಚು ಕಂತು ತೆಗೆಯುವ ಉಪಾಯ. ಖರ್ಚಿನ ಮಾತು ನಿಜ. ಆದರೆ ಒಂದೇ ದೃಶ್ಯವನ್ನು ನೂರು ಸಲ ತೋರಿಸಿದರೂ ನೋಡುವವರು ಎದ್ದುಹೋಗದೆ ಅದಕ್ಕಾಗಿಯೇ ಕಾದು ಕೂರುವುದೇಕೆ ಎಂಬುದಕ್ಕೆ ಅದು ಉತ್ತರವಾಗುವುದಿಲ್ಲ. ಆ ಉತ್ತರ ಟೆಲಿವಿಷನ್ನಿನ ಚರಿತ್ರೆಗಿಂತ ಹಳೆಯದು. ಅದನ್ನು ಹುಡುಕಲು ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳ ಕಥನ ಪರಂಪರೆ ತಕ್ಕ ಜಾಗ ಎಂಬುದು ನನ್ನ ವಾದ.

ಜೀ.ಶಂ. ಪರಮಶಿವಯ್ಯನವರಂಥ ಜಾನಪದ ವಿದ್ವಾಂಸರು ಶ್ರಮಪಟ್ಟು ಬೆಳಕಿಗೆ ತಂದ ಮೂಡಲಪಾಯ ಯಕ್ಷಗಾನಕ್ಕೆ ಈ ಜಿಲ್ಲೆ ಒಂದು ನೆಲೆ. ಅದರಲ್ಲಿ ಪಾತ್ರ ರಂಗಕ್ಕೆ ಬರುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಅಡ್ಡ ಹಿಡಿದ ತೆರೆಯ ಹಿಂದೆ ವೇಷಧಾರಿ ಮೊದಲು ಕುಣಿಯುತ್ತಾನೆ. ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆ ಕಟ್ಟಿದ ಕಾಲು, ಕಾಣುವುದು ಇಷ್ಟೇ. ಮದ್ದಳೆ, ಮುಖವೀಣೆಗಳ ಸದ್ದು ಏರಿದ ಮೇಲೆ ತೆರೆ ಸರಿಯುತ್ತದೆ. ಆಗ ಸಾರಥಿ ಬಂದು ನೀವು ಯಾರು, ಎಲ್ಲಿಂದ ಬಂದಿರಿ ಎಂದು ವಿಚಾರಿಸುತ್ತಾನೆ. ಪಾತ್ರ ತನ್ನ ಹೆಸರು, ಕುಲ, ರಾಜ್ಯ, ಪರಾಕ್ರಮವನ್ನೆಲ್ಲ ಬಣ್ಣಿಸಿಕೊಂಡ ಮೇಲೆಯೇ ಪ್ರಸಂಗ ಮುಂದೆ ಸಾಗುವುದು. ಕೂತವರಿಗೆ ಬಂದಿರುವುದು ದುರ್ಯೋಧನನೆಂದು ಗೊತ್ತು. ಆ ವೇಷ ಕಟ್ಟಿದವನು ಯಾರ ಮನೆಯ ಹುಡುಗ ಎಂಬುದೂ ಗೊತ್ತು. ತಿಳಿಯದ್ದನ್ನು ತಿಳಿಸುವುದೇ ಉದ್ದೇಶವಾಗಿದ್ದರೆ ಈ ಸಂವಾದ ಎಂದೋ ಬಿದ್ದುಹೋಗುತ್ತಿತ್ತು. ಅದರ ಕೆಲಸ ಬೇರೆ: ಹಗಲು ಹೊಲದಲ್ಲಿ ಕಂಡವನನ್ನು ರಾತ್ರಿ ಚಕ್ರವರ್ತಿಯೆಂದು ಒಪ್ಪುವಂತೆ ನೋಡುವವರ ಮನಸ್ಸನ್ನು ಹದಮಾಡುವುದು. ಈ ಒಪ್ಪಿಗೆ ನಿನ್ನೆ ರಾತ್ರಿಯದು ಇವತ್ತಿಗೆ ಆಗುವುದಿಲ್ಲ, ಪ್ರತಿ ಆಟದಲ್ಲೂ ಹೊಸದಾಗಿ ಪಡೆಯಬೇಕು. ಆಡಮ್‌ನ ಕತ್ತಿ ಮೇಲೇಳುವಾಗ ನಡೆಯುವುದೂ ಇದೇ. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ ತಯಾರಿಸಿ 2008ರಿಂದ ಪ್ರಸಾರವಾದ ‘ಛೋಟಾ ಭೀಮ್’ನಲ್ಲಿ ಲಾಡು ತಿಂದೊಡನೆ ಭೀಮನ ತೋಳಿಗೆ ಬಲ ಬರುವುದೂ ಇದೇ.

ಶಿರಾ ಸೀಮೆಯ ಕಾಡುಗೊಲ್ಲರ ಜುಂಜಪ್ಪನ ಕಾವ್ಯ ಈ ಮಾತನ್ನು ಇನ್ನೊಂದು ದಿಕ್ಕಿನಿಂದ ಗಟ್ಟಿಮಾಡುತ್ತದೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿಯ ಜುಂಜಪ್ಪನ ಗುಡ್ಡೆ ಈ ಪಶುಪಾಲಕ ವೀರನ ನೆಲೆ. ಚಲುವರಾಜು ಸಂಪಾದಿಸಿದ ಪಾಠವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1990ರ ದಶಕದಲ್ಲಿ ಪ್ರಕಟಿಸಿತು. ಈ ಕಥೆಯ ಜೊತೆವಾದ್ಯ ಗಣೆ, ಅಂದರೆ ಉದ್ದನೆಯ ಬಿದಿರಿನ ಕೊಳಲು. ಊದುವವನೇ ಹಾಡುಗಾರನಾದಾಗ ಊದುವ ಬಾಯಿ ಆ ಹೊತ್ತಿಗೆ ಹಾಡಲಾರದು. ಹಾಗಾಗಿ ಒಂದಷ್ಟು ನುಡಿ, ಒಂದಷ್ಟು ನಾದ, ಮತ್ತೆ ನುಡಿ, ಹೀಗೆ ಕಥೆ ತುಂಡುತುಂಡಾಗಿ ಬರುತ್ತದೆ. ತುಂಡಾದ ಕಡೆಯೆಲ್ಲ ಕಥೆಯನ್ನು ಮತ್ತೆ ಹಿಡಿದೆತ್ತಲು ವೀರನ ಹೆಸರು, ಅವನ ಬಡಮೈಲನೆಂಬ ಎತ್ತು, ದನದ ಹಿಂಡು ಇವುಗಳ ಸಿದ್ಧವಾದ ಬಣ್ಣನೆಗಳು ಬೇಕು. ಉಸಿರಿನ ಮಿತಿಯಿಂದ ಹುಟ್ಟಿದ ಈ ಕಟ್ಟು ಬರಬರುತ್ತ ಕೇಳುವವರ ಸುಖವಾಯಿತು. ಫಿಲ್ಮೇಶನ್ನಿನ ಮಿತಿ ಹಣದ್ದು, ಗಣೆಯವನದು ಉಸಿರಿನದು. ಮಿತಿಯೊಂದು ರೂಢಿಯಾಗಿ ಉಳಿಯುವುದು ಕೇಳುಗ ಅದನ್ನು ತನ್ನದೆಂದುಕೊಂಡಾಗ ಮಾತ್ರ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಲಾಭಕ್ಕೆ ತಯಾರಾದ ಆಟಿಕೆಯ ಕಥೆಯನ್ನು ಒಂದು ಸಮುದಾಯದ ದೈವದ ಪಕ್ಕ ಇಡುವುದು ತಕ್ಕುದೇ ಎಂಬುದು ಮೊದಲನೆಯದು. ‘ಹೀ-ಮ್ಯಾನ್’ ಆಟಿಕೆ ಮಾರಾಟದೊಡನೆ ಬೆಸೆದುಕೊಂಡೇ ಬಂದದ್ದು ನಿಜ. ಈ ಆಕ್ಷೇಪದ ತೂಕವನ್ನು ಒಪ್ಪುತ್ತೇನೆ. ನಾನು ಹೋಲಿಸುತ್ತಿರುವುದು ಕಥೆ ಹೇಳುವ ಬಗೆಯನ್ನು, ಕಥೆಯ ಬೆಲೆಯನ್ನಲ್ಲ. ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: 1949ರಲ್ಲಿ ಜೋಸೆಫ್ ಕ್ಯಾಂಬೆಲ್ ಲೋಕದ ವೀರಕಥೆಗಳೆಲ್ಲಕ್ಕೂ ಒಂದೇ ಅಚ್ಚು ಎಂದು ತೋರಿಸಲು ಹೊರಟ ಮೇಲೆ, ಸಾಮ್ಯ ಕಂಡುಹಿಡಿಯುವುದರಲ್ಲಿ ಹೊಸತೇನು? ಸಾಮ್ಯ ಕಂಡಲ್ಲಿಗೆ ಹುಡುಕಾಟ ನಿಲ್ಲಿಸುವುದು ತಪ್ಪು ಎಂಬುದೇ ನನ್ನ ಅಭಿಪ್ರಾಯವೂ. ಪ್ರವೇಶ, ಪರಿಚಯ, ರೂಪಾಂತರಗಳಲ್ಲಿ ಜೊತೆಜೊತೆಗೆ ನಡೆಯುವ ಈ ಎರಡು ಕಥನಗಳು ಮುಕ್ತಾಯದಲ್ಲಿ ದಾರಿ ಬೇರೆ ಮಾಡುತ್ತವೆ.

ಸೂಪರ್‌ಹೀರೋ ಧಾರಾವಾಹಿಯಲ್ಲಿ ಕಂತು ಮುಗಿಯುವಾಗ ಲೋಕ ಮೊದಲಿದ್ದ ಸ್ಥಿತಿಗೆ ಮರಳಬೇಕು. ನಾಳೆಯ ಕಂತು ಅಲ್ಲಿಂದಲೇ ಶುರುವಾಗಬೇಕಲ್ಲ. 1992ರಲ್ಲಿ ಬಂದ ‘ಬ್ಯಾಟ್‌ಮನ್’ ಅನಿಮೇಷನ್ ಸರಣಿ ಈ ಕಟ್ಟನ್ನು ತುಸು ಸಡಿಲಿಸಿತು. ‘ಹಾರ್ಟ್ ಆಫ್ ಐಸ್’ ಕಂತಿನಲ್ಲಿ ಖಳ ಮಿಸ್ಟರ್ ಫ್ರೀಜ್‌ನಿಗೆ ಹೆಂಡತಿಯನ್ನು ಕಳೆದುಕೊಂಡ ದುಃಖವಿದೆ, ಕಂತು ಮುಗಿದರೂ ಆ ದುಃಖ ಕರಗುವುದಿಲ್ಲ. ಆದರೂ ನಾಯಕ ಮಾತ್ರ ಮುದಿಯಾಗುವುದಿಲ್ಲ, ಸಾಯುವುದಿಲ್ಲ. ಜುಂಜಪ್ಪ ಸಾಯುತ್ತಾನೆ. ಕೊಲ್ಲುವವರು ಹೊರಗಿನ ರಾಕ್ಷಸರಲ್ಲ, ಸೋದರಮಾವಂದಿರು ವಿಷವಿಕ್ಕುತ್ತಾರೆ. ಮರುದಿನ ಹಾಡುವವನು ಅವನನ್ನು ಮತ್ತೆ ಹುಟ್ಟಿಸಬಹುದು, ಆ ಸಾವನ್ನು ಅಳಿಸಲಾರ. ಕನ್ನಡನಾಡಿನ ತುರುಗೋಳಿನ ವೀರಗಲ್ಲುಗಳು ಇದನ್ನೇ ಕಲ್ಲಿನಲ್ಲಿ ಕಡೆದಿಟ್ಟಿವೆ. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಪಟ್ಟಿಕೆಯಲ್ಲಿ ದನಗಳಿಗಾಗಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಸೂಪರ್‌ಹೀರೋ ಎಂದೂ ದಾಟದ ಸಾವಿನ ಗೆರೆಯನ್ನು ಈ ಕಲ್ಲುಗಳ ವೀರ ಮೊದಲ ಪಟ್ಟಿಕೆಯಲ್ಲೇ ದಾಟಿಬಿಡುತ್ತಾನೆ, ಕಥೆಯ ಉಳಿದ ಭಾಗವೆಲ್ಲ ಅದರಾಚೆಯದು.

ಈ ವ್ಯತ್ಯಾಸವನ್ನು ಕೇವಲ ಮುಕ್ತಾಯದ ರೀತಿಯೆಂದು ಬದಿಗೆ ಸರಿಸಲಾಗದು. ಸಾವು ನಿಜವಾದಾಗ ಕಥೆ ಕೇಳಿದವರ ಮೇಲೆ ಒಂದು ಋಣ ಬೀಳುತ್ತದೆ, ಅವರು ಅದನ್ನು ಬದುಕಿನಲ್ಲಿ ತೀರಿಸುತ್ತಾರೆ. ಈ ಸೀಮೆಯ ಹಟ್ಟಿಗಳಲ್ಲಿ ದೈವದ ಹೆಸರಿಗೆ ಬಿಟ್ಟ ದೇವರೆತ್ತುಗಳಿವೆ. ಅವನ್ನು ನೊಗಕ್ಕೆ ಕಟ್ಟುವುದಿಲ್ಲ. ಮಳೆ ಕೈಕೊಟ್ಟ ವರ್ಷವೂ ಅವುಗಳನ್ನು ಕಾಯುವ ಕಿಲಾರಿ ಮೇವು ಅರಸಿ ನಡೆಯುತ್ತಾನೆ.